ತೆವಳುವ ಕಂಪ್ಯೂಟರ್

ಕಂಪ್ಯೂಟರ್ ತೆವಳತೊಡಗಿತೆಂದರೆ ಅದರ ಮುಂದೆ ಕುಳಿತವರ ಬೆರಳು ತಾನಾಗಿಯೇ ಮೌಸ್‌ನ ಬಲಗುಂಡಿಗೆ ಹೋಗುತ್ತದೆ. ಪರದೆಯ ಖಾಲಿ ಜಾಗದಲ್ಲಿ ಒಮ್ಮೆ ಒತ್ತುವುದು, ತೆರೆದ ಪಟ್ಟಿಯಿಂದ ‘ರಿಫ್ರೆಶ್’ ಆರಿಸುವುದು. ಒಂದು ಸಲಕ್ಕೆ ಮುಗಿಯುವುದಿಲ್ಲ. ಶ್ರದ್ಧೆಯಿಂದ ಮತ್ತೆ ಮತ್ತೆ. ಐಕಾನ್‌ಗಳು ಒಮ್ಮೆ ಮಿಟುಕಿ ಸುಮ್ಮನಾಗುತ್ತವೆ. ಒಳಗಿನ ಕಸವನ್ನೆಲ್ಲ ಯಾರೋ ಗುಡಿಸಿ ಹೋದರೆಂಬ ತೃಪ್ತಿ ಒತ್ತಿದವರ ಮುಖದಲ್ಲಿ ಮೂಡುತ್ತದೆ. ಪಾಪ, ಆ ಆಜ್ಞೆಗೆ ಗೊತ್ತಿರುವುದು ಪರದೆಯ ಮೇಲಿನ ಅವೇ ಚಿತ್ರಗಳನ್ನು ಇನ್ನೊಮ್ಮೆ ಬಿಡಿಸುವ ಕೆಲಸ ಮಾತ್ರ. ಮೆಮೊರಿಯಲ್ಲಿ ಚೂರೂ ಜಾಗ ತೆರವಾಗುವುದಿಲ್ಲ. ಮೊದಲೇ ಏದುಸಿರು ಬಿಡುತ್ತಿರುವ ಯಂತ್ರಕ್ಕೆ ಮೇಲೊಂದು ಚಾಕರಿ. ಇದನ್ನು ಹೇಳಿ ಯಾರೊಬ್ಬರ ನಂಬಿಕೆಯನ್ನೂ ಕದಲಿಸಲು ಇದುವರೆಗೆ ನನ್ನಿಂದಾಗಿಲ್ಲ.

‘ತಂದಾಗ ಎಷ್ಟು ಚುರುಕಾಗಿತ್ತು, ಈಗ ವಯಸ್ಸಾಯಿತು’ ಎಂಬುದು ಮುಂದಿನ ಮಾತು. ವಯಸ್ಸಿನ ಲೆಕ್ಕ ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಹೊಂದುವುದಿಲ್ಲ. 2.5 ಗಿಗಾಹರ್ಟ್ಸ್ ಎಂದು ಮೈಮೇಲೆ ಬರೆದುಕೊಂಡು ಬಂದದ್ದು ಮೊದಲ ದಿನ ಸೆಕೆಂಡಿಗೆ 250 ಕೋಟಿ ಸಲ ಮಿಡಿಯುತ್ತಿತ್ತು, ಇಂದಿಗೂ ಅಷ್ಟೇ ಮಿಡಿಯಬಲ್ಲದು. ಅದಕ್ಕೆ ಮಂಡಿನೋವಿಲ್ಲ, ಮರೆವಿಲ್ಲ. ಫ್ಯಾನಿನ ರೆಕ್ಕೆಗಳಿಗೆ ಧೂಳು ಮೆತ್ತಿಕೊಂಡು ಬಿಸಿ ಹೊರಗೆ ಹೋಗದಿದ್ದರೆ ಮಾತ್ರ, ಸುಟ್ಟುಹೋಗಬಾರದೆಂದು ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿದರೆ ಆ ದೂರು ಮುಗಿಯಿತು. ಉಳಿದದ್ದೆಲ್ಲ ನಾವು ಹೊರಿಸಿದ ಹೊರೆ. 1995ರಲ್ಲಿ ಬಂದ ವಿಂಡೋಸ್ 95 ಕನಿಷ್ಠ 4 ಮೆಗಾಬೈಟ್ ಕೆಲಸದ ಮೆಮೊರಿ, ಅಂದರೆ ರ್‍ಯಾಮ್ ಕೇಳುತ್ತಿತ್ತು. ವಿಂಡೋಸ್ 11 ಕೇಳುವುದು ಕನಿಷ್ಠ 4 ಗಿಗಾಬೈಟ್. ಸಾವಿರ ಪಟ್ಟು! ನಾವು ಬರೆಯುವ ಪತ್ರ ಮಾತ್ರ ಅಂದಿನಷ್ಟೇ ಉದ್ದವಿದೆ. ಯಂತ್ರ ವೇಗ ಪಡೆಯುವುದಕ್ಕಿಂತ ಬೇಗನೆ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ನಿಕ್ಲಾಸ್ ವಿರ್ತ್ ಗೊಣಗಿದ್ದೂ ಅದೇ 1995ರಲ್ಲಿ. ಆ ಗೊಣಗಾಟವನ್ನು ಈಗ ವಿರ್ತ್ ನಿಯಮವೆಂದೇ ಕರೆಯುತ್ತಾರೆ.

ಹಳೆಯ ಕಂಪ್ಯೂಟರಿನೊಳಗೆ ನಿಜಕ್ಕೂ ನಿಧಾನವಾದ ಒಂದು ಭಾಗವಿದೆ. ಅದು ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿಂದಿತ್ತ ಸರಿಯುವ ಪುಟ್ಟ ತೋಳು. ಬೇಕಾದ ಮಾಹಿತಿ ಇರುವ ಕಡೆಗೆ ತೋಳು ಸರಿಯಬೇಕು, ಆ ಜಾಗ ತಿರುಗಿ ತೋಳಿನ ಕೆಳಗೆ ಬರಬೇಕು. ಇಷ್ಟಕ್ಕೆ ಸುಮಾರು ಹತ್ತು ಮಿಲಿಸೆಕೆಂಡ್ ಹಿಡಿಯುತ್ತದೆ. ನಮಗೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಪ್ರೊಸೆಸರಿನ ಕಡೆಯಿಂದ ನೋಡಿದರೆ ಗಾಬರಿಯಾಗುತ್ತದೆ. ಅದರ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿಕೊಳ್ಳಿ. ಆಗ ರ್‍ಯಾಮಿನಿಂದ ಒಂದು ಮಾಹಿತಿ ಬರಲು ನಾಲ್ಕು ನಿಮಿಷ ಬೇಕು. ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಿಂದ ಬರಲು ಹೆಚ್ಚೆಂದರೆ ಮೂರು ದಿನ. ಹಾರ್ಡ್ ಡಿಸ್ಕಿನಿಂದ? ಒಂಬತ್ತೂವರೆ ತಿಂಗಳು. ಕಂಪ್ಯೂಟರ್ ಸೋಮಾರಿ ಎಂದು ಬೈಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅಷ್ಟೂ ಹೊತ್ತು ಪ್ರೊಸೆಸರ್ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ನಮ್ಮ ಹಾಗೆ ಎಂಟರ್ ಕೀಲಿಯನ್ನು ಹತ್ತು ಸಲ ಗುದ್ದುವುದಿಲ್ಲ.

ರ್‍ಯಾಮ್ ಸಾಲದೆ ಹೋದಾಗ ಈ ಕಾಯುವಿಕೆ ವಿಪರೀತಕ್ಕೆ ಹೋಗುತ್ತದೆ. ಕೊರತೆ ಬಿದ್ದ ಮೆಮೊರಿಯನ್ನು ಡಿಸ್ಕಿನ ಒಂದು ಮೂಲೆಯಿಂದ ಕಡ ತರುವ ಜಾಣತನ ಹೊಸದೇನಲ್ಲ. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿಯೇ ಇತ್ತು, ಅಲ್ಲಿ ಡಿಸ್ಕಿನ ಬದಲು ಕಾಂತೀಯ ಡ್ರಮ್ ಇತ್ತು ಅಷ್ಟೇ. ಕಡ ಅಳತೆ ಮೀರಿದರೆ ಗತಿ ಬೇರೆ. ಈಗ ಬೇಡವೆಂದು ಡಿಸ್ಕಿಗೆ ಕಳಿಸಿದ್ದು ಮರುಕ್ಷಣವೇ ಬೇಕಾಗುತ್ತದೆ, ಅದನ್ನು ತರಲು ಇನ್ನೊಂದನ್ನು ಹೊರಹಾಕಬೇಕು, ಹೊರಹಾಕಿದ್ದು ಮತ್ತೆ ಬೇಕು. ಕೆಲಸವೆಲ್ಲ ಸಾಗಣೆಯಲ್ಲೇ ಕಳೆಯುತ್ತದೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲಿ ‘ಥ್ರ್ಯಾಶಿಂಗ್’ ಎಂದು ಕರೆದು ವಿವರಿಸಿದ್ದು ಈ ಒದ್ದಾಟವನ್ನೇ. ಡಿಸ್ಕಿನ ಪುಟ್ಟ ದೀಪ ಆರದೆ ಉರಿಯುತ್ತಿದ್ದು, ಮೌಸ್‌ನ ಬಾಣ ಬಿಟ್ಟು ಬಿಟ್ಟು ಜಿಗಿಯುತ್ತಿದ್ದರೆ ರೋಗ ಅದೇ.

ಇನ್ನು ಬೆಳಗ್ಗೆ ಯಂತ್ರದ ಗುಂಡಿ ಒತ್ತಿದ ಕೂಡಲೇ ಎದ್ದು ಕೂರುವ ತಂತ್ರಾಂಶಗಳ ಮಾತು. ಪ್ರಿಂಟರಿಗೆ ಸಹಾಯ ಮಾಡಲು ಬಂದದ್ದೊಂದು, ಮುದ್ರಿಸುವುದು ವರ್ಷಕ್ಕೆ ಎರಡು ಹಾಳೆಯಾದರೂ ಪ್ರತಿದಿನ ಹಾಜರು. ಹಾಡು ಕೇಳಿಸುವುದು, ಹರಟೆ ಹೊಡೆಸುವುದು, ತನ್ನ ಹೊಸ ಆವೃತ್ತಿ ಬಂತೇ ಎಂದು ಇಣುಕುವುದು, ಒಂದರ ಮೇಲೊಂದು ಎರಡು ಆಂಟಿವೈರಸ್. ಒಮ್ಮೆ ಕರೆದ ತಪ್ಪಿಗೆ ದಿನವೂ ಬಾಗಿಲು ತೆಗೆಯುವ ಮೊದಲೇ ಜಗಲಿಯಲ್ಲಿ ಕುಳಿತಿರುವ ನೆಂಟರಂತೆ ಇವು. ಎರಡು ಆಂಟಿವೈರಸ್‌ಗಳಿದ್ದರೆ ಒಂದು ತೆರೆದ ಕಡತವನ್ನು ಇನ್ನೊಂದು ಅನುಮಾನಿಸುತ್ತದೆ. ಕಳ್ಳನಿಗಿಂತ ಕಾವಲುಗಾರರ ಕಾಟವೇ ಹೆಚ್ಚು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ‘ಸ್ಟಾರ್ಟ್‌ಅಪ್’ ಪಟ್ಟಿ ನೋಡಿದರೆ ಯಾವುದರ ಹೊರೆ ಎಷ್ಟೆಂದು ಅಲ್ಲಿಯೇ ಬರೆದಿರುತ್ತದೆ. ಬೇಡದ್ದನ್ನು ಅಲ್ಲಿಂದ ತಡೆದರಾಯಿತು. ಬೇಕೆಂದಾಗ ತೆರೆದರೆ ಅವು ಬಂದೇ ಬರುತ್ತವೆ, ಮುನಿಸಿಕೊಳ್ಳುವುದಿಲ್ಲ. ಖರ್ಚಿಲ್ಲದ ಉಪಾಯಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರಲ್ಲೇ.

ಭರವಸೆ ಇಲ್ಲದ್ದು ‘ವೇಗ ಹೆಚ್ಚಿಸುವ’ ತಂತ್ರಾಂಶಗಳಲ್ಲಿ. ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ನೂರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಹೆದರಿಸುವುದೇ ಇವುಗಳ ಕಸುಬು. ಇಂಥ ಶುಚಿಕಾರ್ಯಕ್ಕೆ ತನ್ನ ಬೆಂಬಲವಿಲ್ಲವೆಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಸ್ವತಃ ಹೇಳಿದೆ. ರ್‍ಯಾಮ್ ಖಾಲಿ ಮಾಡುತ್ತೇವೆನ್ನುವವು ಇನ್ನೂ ಚತುರ. ಅವು ಅಲ್ಲಿದ್ದುದನ್ನು ಡಿಸ್ಕಿಗೆ ದಬ್ಬಿ, ನೋಡಿ ಎಷ್ಟು ಜಾಗ ಸಿಕ್ಕಿತು ಎಂದು ಬೀಗುತ್ತವೆ. ದಬ್ಬಿದ್ದನ್ನು ಮರಳಿ ತರುವ ಒಂಬತ್ತೂವರೆ ತಿಂಗಳು ನಮ್ಮ ಪಾಲಿಗೆ. ಖಾಲಿ ಬಿದ್ದ ರ್‍ಯಾಮಿನಿಂದ ಯಾರಿಗೂ ಲಾಭವಿಲ್ಲ. ಮುಂದೆ ಬೇಕಾದೀತೆಂದು ಕಡತಗಳನ್ನು ಅಲ್ಲಿ ಇಟ್ಟುಕೊಂಡಿರುವುದೇ ಕಾರ್ಯಾಚರಣ ವ್ಯವಸ್ಥೆಯ ಜಾಣತನ. ಇಷ್ಟೆಲ್ಲ ಮಾಡಿದ ಮೇಲೆ ಆ ವೇಗವರ್ಧಕ ತಾನೂ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಒಂದು ಜಾಗ ಹಿಡಿದು ಕೂರುತ್ತದೆ.

ಡಿಫ್ರಾಗ್ಮೆಂಟ್ ಮಾಡುವುದರ ಬಗ್ಗೆ ನನಗೆ ಮೋಹವಿತ್ತು, ಈಗಲೂ ಸ್ವಲ್ಪ ಇದೆ. ವಿಂಡೋಸ್ 98ರ ಪರದೆಯಲ್ಲಿ ಬಣ್ಣದ ಚೌಕಗಳು ಒಂದೊಂದಾಗಿ ಸರಿದು ಸಾಲುಗಟ್ಟುವುದನ್ನು ಗಂಟೆಗಟ್ಟಲೆ ನೋಡಬಹುದಿತ್ತು. ಡಿಸ್ಕಿನ ತುಂಬ ಚದುರಿದ ಕಡತಗಳ ತುಣುಕುಗಳನ್ನು ಹೀಗೆ ಒಂದೆಡೆ ಸೇರಿಸಿದರೆ ಹಾರ್ಡ್ ಡಿಸ್ಕಿನ ತೋಳಿಗೆ ಓಡಾಟ ಕಡಿಮೆ, ಹಾಗಾಗಿ ಲಾಭವೂ ಇತ್ತು. ಮುಂದೆ ವಿಂಡೋಸ್ ವಿಸ್ತಾ ಬಂದಾಗ ಆ ಚಿತ್ರವನ್ನೇ ತೆಗೆದುಹಾಕಿದರು, ಎಂಥ ಅರಸಿಕರು! ಎಸ್‌ಎಸ್‌ಡಿಯಲ್ಲಿ ಸರಿದಾಡುವ ತೋಳೇ ಇಲ್ಲ. ಅಲ್ಲಿ ತುಣುಕುಗಳನ್ನು ಜೋಡಿಸುತ್ತ ಕುಳಿತರೆ ಬರೆದು ಬರೆದು ಅದರ ಆಯಸ್ಸು ಸವೆಯುತ್ತದೆಯೇ ಹೊರತು ವೇಗ ಬರುವುದಿಲ್ಲ.

ರಾತ್ರಿ ತಪ್ಪದೆ ಶಟ್‌ಡೌನ್ ಮಾಡುವ ಶಿಸ್ತಿನವರಿಗೆ ಒಂದು ಕಹಿ ಸುದ್ದಿ ಇದೆ. 2012ರ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ‘ಫಾಸ್ಟ್ ಸ್ಟಾರ್ಟ್‌ಅಪ್’ ಜಾರಿಯಲ್ಲಿದ್ದರೆ ವ್ಯವಸ್ಥೆಯ ತಿರುಳನ್ನು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು, ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಗೋಜಲೂ ಅದರ ಜೊತೆಗೇ ಎದ್ದು ಬರಬಹುದು. ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಮಾಡಬೇಕು. ದುರಸ್ತಿಗೆ ಬಂದವರು ಮೊದಲು ‘ರೀಸ್ಟಾರ್ಟ್ ಮಾಡಿದಿರಾ?’ ಎಂದು ಕೇಳುವುದು ಉದಾಸೀನದಿಂದಲ್ಲ.

ಇವುಗಳಲ್ಲಿ ಯಾವ ಉಪಾಯ ಒಳ್ಳೆಯದು ಎಂದು ಯಾರಾದರೂ ಒತ್ತಾಯಿಸಿ ಕೇಳಿದರೆ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ ಎನ್ನುತ್ತೇನೆ. ರ್‍ಯಾಮ್ ಪದೇ ಪದೇ ತುಂಬುತ್ತಿದ್ದರೆ ಅದನ್ನೂ ಹೆಚ್ಚಿಸಿ. ಕೇಳಿದವರ ಮುಖ ಬಾಡುತ್ತದೆ. ಅವರಿಗೆ ಬೇಕಿದ್ದುದು ಗುಪ್ತವಾದೊಂದು ಕೀಲಿಸಂಯೋಜನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರವನ್ನು ಅಧಿಕೃತವಾಗಿ ಒಳಗೆ ಸೇರಿಸುವುದಿಲ್ಲ. ಹೀಗೆ ಹೊರಗುಳಿದ ಗಟ್ಟಿಮುಟ್ಟಾದ ಕಂಪ್ಯೂಟರ್‌ಗಳಿಗೆ ಎಕ್ಸ್‌ಎಫ್‌ಸಿಇಯಂಥ ಹಗುರವಾದ ಪರದೆಯಿರುವ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆ ಇದೆ. ಬೇಗ ಏಳುತ್ತದೆ, ಕಡಿಮೆ ಕೇಳುತ್ತದೆ. ಮರುದಿನವೇ ಅದರಲ್ಲಿ ಬ್ರೌಸರ್ ತೆರೆದು, ಆಮೇಲೆ ಓದೋಣವೆಂದು ನಲವತ್ತು ಟ್ಯಾಬ್‌ಗಳನ್ನು ಸಾಲಾಗಿ ಹರವಿಟ್ಟುಕೊಂಡವರನ್ನು ಮಾತ್ರ ಯಾವ ಲಿನಕ್ಸೂ ಕಾಪಾಡಲಾರದು.