ಇಂದಿನ ಭಾಷಾ ಧಾರಣೆ

ಮೇ ತಿಂಗಳು ಮುಗಿಯುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಎರಡು ಧಾರಣೆಗಳ ಮೇಲೆ ಕಣ್ಣಿರುತ್ತದೆ. ಒಂದು ಅಡಿಕೆಯದು. ಶಿವಮೊಗ್ಗದಲ್ಲಿ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು ಅಂತ ದಿನಾ ಫೋನ್ ನೋಡುತ್ತಾರೆ. ಇನ್ನೊಂದು ಭಾಷೆಯದು. ಇದು ಏಳನೇ ಕ್ಲಾಸ್ ಮುಗಿಸಿದ ಮಗು ಇರುವ ಮನೆಗೆ ಮಾತ್ರ. ಎಂಟಕ್ಕೆ ಹೈಸ್ಕೂಲು. ಅರ್ಜಿಯಲ್ಲಿ ಪ್ರಥಮ ಭಾಷೆ ಯಾವುದು ಅಂತ ಒಂದು ಖಾನೆ ಇದೆ. ಅದನ್ನು ತುಂಬುವ ಮೊದಲು ಭಾವನಿಗೆ, ಚಿಕ್ಕಪ್ಪನಿಗೆ, ಪಕ್ಕದ ಮನೆ ಅತ್ತಿಗೆಗೆ ಫೋನ್ ಹೋಗುತ್ತದೆ. ಸಂಸ್ಕೃತ ಈ ಸಲ ಹೇಗೆ? ಗಟ್ಟಿ. ಕನ್ನಡ? ಸ್ವಲ್ಪ ಮೆತ್ತಗೆ.

ಲೆಕ್ಕ ಇಷ್ಟೇ. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಗಣಿತ, ವಿಜ್ಞಾನ, ಸಮಾಜ, ಉಳಿದೆರಡು ಭಾಷೆ, ಇವಕ್ಕೆಲ್ಲ ತಲಾ 100. ಪ್ರಥಮ ಭಾಷೆಗೆ ಮಾತ್ರ 125. ಮಗು ಮನೆಯಲ್ಲಿ ಆಡುವ ಮಾತಿಗೆ ಒಂದು ತೂಕ ಜಾಸ್ತಿ ಮರ್ಯಾದೆ ಇರಲಿ ಅಂತ ಯಾರೋ ಪುಣ್ಯಾತ್ಮರು 25 ಅಂಕ ಹೆಚ್ಚಿಗೆ ಇಟ್ಟಿರಬೇಕು. ಆ 25ರ ಆಸೆಗೇ ಮನೆಮಾತು ಖಾನೆಯಿಂದ ಹೊರಗೆ ಬಿತ್ತು.

ಪ್ರವೇಶದ ದಿನ ಶಾಲೆಯ ಆಫೀಸಿನ ಹತ್ತಿರ ನಿಂತು ಕೇಳಬೇಕು. ಯಾವ ಶಾಲೆ ಅಂತ ಬೇಡ, ಎಲ್ಲ ಕಡೆ ಇದೇ ಸಂಭಾಷಣೆ.

‘ಭಾಷೆ ಎಂತ ಬರೀಲಿ?’ ಅಂತ ಕ್ಲರ್ಕ್ ಕೇಳುತ್ತಾರೆ.

‘ಯಾವುದಕ್ಕೆ ಮಾರ್ಕ್ಸ್ ಜಾಸ್ತಿ ಬೀಳ್ತದೋ ಅದನ್ನೇ ಬರ್ಕಳಿ ಮಾರಾಯ್ರೆ.’

‘ಮನೇಲಿ ಮಾತಾಡದು ಯಾವ ಭಾಷೆ?’

‘ಮನೇಲಿ ಮಾತಾಡದಕ್ಕೆ ಮಾರ್ಕ್ಸ್ ಕೊಡ್ತಾರಾ?’

ಕ್ಲರ್ಕ್ ಹತ್ತಿರ ಇದಕ್ಕೆ ಉತ್ತರ ಇಲ್ಲ. ಸಂಸ್ಕೃತ ಅಂತ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ಹುಡುಗ ಒದ್ದೆ ಕೊಡೆ ಹಿಡಿದು ನಿಂತಿರುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಮುಂದಿನ ಮೂರು ವರ್ಷ ಓದುವವನು ಅವನೇ ಅನ್ನುವುದು ಆ ಕ್ಷಣಕ್ಕೆ ಯಾರಿಗೂ ಮುಖ್ಯ ಅನ್ನಿಸಿರುವುದಿಲ್ಲ.

ಕನ್ನಡದ ಮೇಲೆ ಅಪ್ಪನಿಗೆ ದ್ವೇಷ ಏನಿಲ್ಲ. ನವೆಂಬರ್ ಒಂದಕ್ಕೆ ಬೈಕಿಗೆ ಬಾವುಟ ಕಟ್ಟುವುದು ಅವರೇ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ನೋಡಿದ್ದೀರಾ? ಪ್ರಬಂಧ ಬರೆಯಬೇಕು. ಪತ್ರ ಬರೆಯಬೇಕು. ಗಾದೆ ವಿಸ್ತರಿಸಬೇಕು. ಪದ್ಯಕ್ಕೆ ಪ್ರಸ್ತಾರ ಹಾಕಿ ಯಾವ ಛಂದಸ್ಸು ಅಂತ ಹೇಳಬೇಕು. ಮೇಲೆ ಹಳಗನ್ನಡ ಬೇರೆ. ದೀರ್ಘ ಹೋಗಿ ಹ್ರಸ್ವ ಆದರೆ ಅರ್ಧ ಅಂಕ ಹೋಯಿತು. ಕನ್ನಡ ಮೇಷ್ಟ್ರಿಗೆ ಕನ್ನಡ ಬರುತ್ತದೆ ಅನ್ನುವುದೇ ಇಲ್ಲಿನ ದೊಡ್ಡ ತೊಂದರೆ. ಈಗೀಗ ಕನ್ನಡದಲ್ಲೂ 125ಕ್ಕೆ 125 ತೆಗೆಯುವ ಮಕ್ಕಳಿದ್ದಾರೆ, ನಿಜ. ಆದರೆ ಮಾರುಕಟ್ಟೆ ನಡೆಯುವುದು ನಂಬಿಕೆ ಮೇಲೆ, ಅಲ್ವಾ?

ಈಗ ಸಂಸ್ಕೃತದ ಪತ್ರಿಕೆಗೆ ಬನ್ನಿ. ಅಲ್ಲಿ ಹಲವು ಪ್ರಶ್ನೆಗಳಿಗೆ ಸಂಸ್ಕೃತದಲ್ಲೇ ಉತ್ತರಿಸಬೇಕೆಂದಿಲ್ಲ. ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷಿನಲ್ಲೂ ಬರೆಯಬಹುದು. ಹೀಗಾಗಿ ನಮ್ಮ ಹುಡುಗ ಕನ್ನಡ ಕಷ್ಟ ಅಂತ ಸಂಸ್ಕೃತ ತಗೊಂಡು, ಸಂಸ್ಕೃತ ಕಷ್ಟ ಅಂತ ಕನ್ನಡದಲ್ಲಿ ಉತ್ತರ ಬರೆಯುತ್ತಾನೆ. ಕನ್ನಡದಲ್ಲಿ ಬರೆದ ಕನ್ನಡಕ್ಕೆ ಕಡಿಮೆ, ಕನ್ನಡದಲ್ಲಿ ಬರೆದ ಸಂಸ್ಕೃತಕ್ಕೆ ಪೂರ್ತಿ. ಇಂಥ ವ್ಯವಸ್ಥೆ ಬೇರೆ ದೇಶದವರ ತಲೆಗೆ ಹೊಳೆಯಲಿಕ್ಕೆ ಸಾಧ್ಯವೇ ಇಲ್ಲ.

ಪಾಪ, ಇದರಲ್ಲಿ ನಿಜವಾಗಿ ಅನ್ಯಾಯ ಆಗಿರುವುದು ಸಂಸ್ಕೃತ ಮೇಷ್ಟ್ರಿಗೆ. ಅವರು ಕಾಳಿದಾಸನನ್ನು ಪ್ರೀತಿಯಿಂದ ಓದಿಕೊಂಡು ಬಂದವರು. ತರಗತಿಯಲ್ಲಿ ಒಂದು ಶ್ಲೋಕದ ಸೊಗಸು ಹೇಳಲು ಹೋದರೆ ಹಿಂದಿನ ಬೆಂಚಿನಿಂದ ಕೈ ಏಳುತ್ತದೆ: ‘ಸಾರ್, ಇದು ಎಕ್ಸಾಮಿಗೆ ಬರ್ತದಾ?’ ಪಾಲಕರ ಸಭೆಯಲ್ಲಿ ಗಣಿತ ಮೇಷ್ಟ್ರ ಮುಂದೆ ಸಾಲು, ವಿಜ್ಞಾನ ಮೇಡಂ ಮುಂದೆ ಸಾಲು. ಸಂಸ್ಕೃತ ಮೇಷ್ಟ್ರ ಮುಂದೆ ಯಾರೂ ಇಲ್ಲ. 125 ಹೇಗೂ ಬರುತ್ತದಲ್ಲ, ಕೇಳುವುದು ಎಂತದು! ಅಪ್ಪಿತಪ್ಪಿ 124 ಬಂದರೆ ಮಾತ್ರ ಅವರ ನೆನಪಾಗುತ್ತದೆ.

ಶಿವಮೊಗ್ಗದವರಿಗೆ ಇನ್ನೊಂದು ಅನುಕೂಲವೂ ಇದೆ, ಯಾರೂ ಬಳಸಿಕೊಳ್ಳುವುದಿಲ್ಲ ಅಷ್ಟೇ. ಊರಿಗೆ ಹತ್ತಿರದಲ್ಲೇ ತುಂಗೆಯ ದಡದಲ್ಲಿ ಮತ್ತೂರು ಇದೆ. ಅಲ್ಲಿ ಬಹಳ ಮನೆಗಳಲ್ಲಿ ಮನೆಮಾತು ಸಂಕೇತಿ, ಆದರೂ ಸಂಸ್ಕೃತದಲ್ಲಿ ಮಾತಾಡುವವರಿದ್ದಾರೆ. ಅದನ್ನು ನೋಡಲಿಕ್ಕೆ ಹೊರದೇಶದವರೂ ಬರುತ್ತಾರೆ. ಎದುರು ದಡದಲ್ಲಿ ಹೊಸಹಳ್ಳಿ. ಅದು ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಗೆ ಹೆಸರಾದ ಊರು. ನಮ್ಮ 125ಕ್ಕೆ 125ರ ಹುಡುಗನನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ. ಮತ್ತೂರಿನಲ್ಲಿ ಅವನಿಗೆ ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳಲು ಬರುವುದಿಲ್ಲ. ಹೊಸಹಳ್ಳಿಯಲ್ಲಿ ಕುಮಾರವ್ಯಾಸನ ಷಟ್ಪದಿ ವಾಚಿಸಿದರೆ ಒಂದು ಸಾಲೂ ಅರ್ಥ ಆಗುವುದಿಲ್ಲ. ಎರಡೂ ದಡ ತಪ್ಪಿಸಿದ ಮೇಲೆ ಉಳಿಯುವುದು ಹೊಳೆ ಮಾತ್ರ.

ಕನ್ನಡವನ್ನು ಪೂರ್ತಿ ಬಿಟ್ಟಿದ್ದೇವೆ ಅಂತ ಯಾರೂ ಹೇಳುವ ಹಾಗಿಲ್ಲ. ಅದು ಹಿಂದಿನ ಸಾಲಿಗೆ ಹೋಗಿದೆ, ಎರಡನೆಯದೋ ಮೂರನೆಯದೋ ಆಗಿ. ಆ ಪಠ್ಯ ಇರುವುದು ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗಾಗಿ, ಸ್ವಲ್ಪ ಹಗುರ. ತೀರ್ಥಹಳ್ಳಿ ಕಡೆ ಹುಟ್ಟಿ, ಕನ್ನಡದಲ್ಲೇ ಅತ್ತು, ಕನ್ನಡದಲ್ಲೇ ಬೈಸಿಕೊಂಡು ಬೆಳೆದ ಹುಡುಗ ಅದನ್ನು ಆರಾಮಾಗಿ ಓದುತ್ತಾನೆ. ಅದೇ ತಾಲ್ಲೂಕಿನ ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ ಇಬ್ಬರಿಗೂ ಜ್ಞಾನಪೀಠ ಬಂದಿದೆ. ರಜೆಯಲ್ಲಿ ಮನೆಮಂದಿಯೆಲ್ಲ ಕವಿಶೈಲಕ್ಕೆ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಹೇಳುತ್ತಾರೆ, ‘ಕನ್ನಡ ತಗಂಡಿದ್ರೆ ಇವನ ಪರ್ಸೆಂಟೇಜ್ ಹೋಗ್ತಿತ್ತು.’

ಈ ಜಗಳ ಹೊಸದೇನಲ್ಲ. ಹೈಸ್ಕೂಲಿನಲ್ಲಿ ಕನ್ನಡಕ್ಕೆ ಬದಲು ಸಂಸ್ಕೃತ ತೆಗೆದುಕೊಳ್ಳುವ ಪ್ರಶ್ನೆಯೇ ಬೆಳೆದು ಗೋಕಾಕ್ ಸಮಿತಿ ಆಯಿತು. 1981ರಲ್ಲಿ ವರದಿ ಬಂತು. ಕನ್ನಡ ಒಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಅಂತ ಅದು ಹೇಳಿತ್ತು. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದರು, ರಾಜ್ಯವೇ ಹಿಂದೆ ಬಂತು. ಆಗ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡವರು ಈಗ ಅಜ್ಜಂದಿರಾಗಿದ್ದಾರೆ. ಮೊಮ್ಮಗನ ಅರ್ಜಿಗೆ ಸಂಸ್ಕೃತ ಬರೆಸಿ, ಸಂಜೆ ಜಗಲಿಯಲ್ಲಿ ಕೂತು ಆ ಹೋರಾಟದ ಕಥೆ ಹೇಳುತ್ತಾರೆ. ಮೊಮ್ಮಗ ಇಂಗ್ಲಿಷಿನಲ್ಲಿ ‘ವಾವ್’ ಅನ್ನುತ್ತಾನೆ.

ಮೂರನೇ ಭಾಷೆಯ ಆಯ್ಕೆಯದು ಬೇರೆಯೇ ಮಜಾ. ಪರೀಕ್ಷಾ ವೇಳಾಪಟ್ಟಿ ತೆಗೆದು ನೋಡಿ. ಹಿಂದಿ, ಕನ್ನಡ, ಇಂಗ್ಲಿಷ್, ಅರೇಬಿಕ್, ಪರ್ಷಿಯನ್, ಉರ್ದು, ಸಂಸ್ಕೃತ, ಕೊಂಕಣಿ, ತುಳು. ಓದುವಾಗಲೇ ಎದೆ ತುಂಬಿ ಬರುತ್ತದೆ. ಶಾಲೆಗೆ ಹೋಗಿ ವಿಚಾರಿಸಿದರೆ ಇರುವುದು ಒಬ್ಬರೇ ಹಿಂದಿ ಮೇಷ್ಟ್ರು. ಆಯ್ಕೆ ಮುಗಿಯಿತು.

ಇಷ್ಟೆಲ್ಲ ಯಾತಕ್ಕೆ ಅಂದರೆ ಫ್ಲೆಕ್ಸಿಗೆ. ಫಲಿತಾಂಶ ಬಂದ ಮರುದಿನ ಸರ್ಕಲ್ಲುಗಳಲ್ಲಿ ಮಕ್ಕಳ ಮುಖ ನೇತಾಡಬೇಕು, ಕೆಳಗೆ ದಪ್ಪ ಅಕ್ಷರದಲ್ಲಿ ಅಂಕ ಇರಬೇಕು. 2022ರಲ್ಲಿ ರಾಜ್ಯದಲ್ಲಿ 145 ಮಕ್ಕಳು 625ಕ್ಕೆ 625 ತೆಗೆದರು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾ ಇಟ್ಟು ದೂರದಿಂದಲೇ ಕಾಯುವುದು. ಆ ವರ್ಷ ಪೂರ್ತಿ ಅಂಕ ತೆಗೆದದ್ದು ಒಬ್ಬಳೇ ಹುಡುಗಿ. ಕ್ಯಾಮೆರಾಕ್ಕೂ ಬುದ್ಧಿಗೂ ಸಂಬಂಧ ಇರಲಿಕ್ಕಿಲ್ಲ ಬಿಡಿ. ನಮ್ಮ ಶಿವಮೊಗ್ಗ ಜಿಲ್ಲೆ ಆ ಸಲ ರಾಜ್ಯಕ್ಕೇ ಮೂರನೆಯದು, ಉಡುಪಿ ಮತ್ತು ದಕ್ಷಿಣ ಕನ್ನಡದ ನಂತರ. ಅದಕ್ಕೂ ಫ್ಲೆಕ್ಸ್ ಬಿತ್ತು.

ಇನ್ನು ಕಷ್ಟಪಟ್ಟು ಕೂಡಿಟ್ಟ ಆ 125 ಮುಂದೆ ಎಲ್ಲಿ ಖರ್ಚಾಗುತ್ತದೆ? ಪಿಯು ಕಾಲೇಜಿನ ಬಾಗಿಲಲ್ಲಿ, ಒಂದೇ ಸಲ. ಅಲ್ಲಿಂದಾಚೆ ಅದನ್ನು ಕೇಳುವವರಿಲ್ಲ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಅಂಕದ ಜೊತೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಸೇರಿಸುತ್ತಾರೆ. ಮೆಡಿಕಲ್ಲಿಗೆ ನೀಟ್. ಎರಡರಲ್ಲೂ ಭಾಷೆಗೆ ಜಾಗವೇ ಇಲ್ಲ, ಸಂಸ್ಕೃತಕ್ಕೂ ಇಲ್ಲ, ಕನ್ನಡಕ್ಕೂ ಇಲ್ಲ. ಇದನ್ನು ಅಪ್ಪನಿಗೆ ಹೇಳಿದರೆ ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ, ‘ಹಾಗಂತ ಬಿಡ್ಲಿಕ್ಕೆ ಆಗ್ತದಾ, ಎಲ್ಲರೂ ತಗಂಡಿದಾರೆ’ ಅನ್ನುತ್ತಾರೆ. ಈ ವಾದಕ್ಕೆ ಇವತ್ತಿನವರೆಗೆ ಯಾವ ತಜ್ಞರ ಸಮಿತಿಗೂ ಉತ್ತರ ಸಿಕ್ಕಿಲ್ಲ.

ಸೀಟು ಸಿಕ್ಕವರ ಕಥೆ ಹಾಗೆ. ಸಿಗದವರು, ಸಿಕ್ಕಿಯೂ ಕೆಲಸ ಸಿಗದವರು ತಿರುಗಿ ಬರುವುದು ಸರ್ಕಾರಿ ನೌಕರಿಗೆ. ಅಲ್ಲಿ ಬಾಗಿಲಲ್ಲೇ ಕನ್ನಡ ಕೂತಿದೆ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಅರ್ಜಿ ಹಾಕಿದವರು ಕಡ್ಡಾಯ ಕನ್ನಡ ಪರೀಕ್ಷೆ ದಾಟಬೇಕಿತ್ತು. 150 ಅಂಕದ ಪತ್ರಿಕೆ, ಕನಿಷ್ಠ 50 ಬರಬೇಕು. ಗೋಕಾಕ್ ಸಮಿತಿ ಕೇಳಿದ್ದ 150 ಕೊನೆಗೂ ಸಿಕ್ಕಿತು ನೋಡಿ, ಎಂಟನೇ ಕ್ಲಾಸಿನ ಬದಲು ಇಪ್ಪತ್ತೈದರ ವಯಸ್ಸಿಗೆ. ಅಂದು ಪ್ರಬಂಧ, ಪತ್ರಕ್ಕೆ ಹೆದರಿ ಓಡಿದವರು ಇಂದು ದುಡ್ಡು ಕೊಟ್ಟು ಕೋಚಿಂಗ್ ಸೆಂಟರಿನಲ್ಲಿ ಅದನ್ನೇ ಕಲಿಯುತ್ತಿದ್ದಾರೆ.

ನಮ್ಮ ಬೀದಿಯ ಒಬ್ಬ ಹುಡುಗನೂ ಸೇರಿದ್ದಾನೆ. ಹೈಸ್ಕೂಲಿನಲ್ಲಿ 125ಕ್ಕೆ 125 ತೆಗೆದು ಫ್ಲೆಕ್ಸಿನಲ್ಲಿ ಬಂದವನು. ಅವನ ಅಮ್ಮ ಮೊನ್ನೆ ಸೆಂಟರಿನವರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು, ‘ಸಾರ್, ಈ ಕನ್ನಡ ಪೇಪರಿಗೆ ಉತ್ತರ ಇಂಗ್ಲಿಷಲ್ಲಿ ಬರೀಬಹುದಾ?’