ಬಡವರ ಓಣಿ ಯಾವುದು ಅಂತ ಉತಾರ ನೋಡಿ ಹೇಳೋಕಾಗುತ್ತಾ?

ಹುಬ್ಬಳ್ಳಿಯಲ್ಲಿ ನೀರಿನ ಮಾತು ಬಂದರೆ ಸಾಕು, ಮಲಪ್ರಭೆ, ನೀರಸಾಗರ, ಒಡೆದ ಪೈಪು, ಗುತ್ತಿಗೆದಾರ ಅಂತ ಶುರು ಹಚ್ಚಿಕೊಳ್ಳುತ್ತೇವೆ. 2008ರಲ್ಲಿ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂದಾಗಿನಿಂದ ಉಳಿದವರದು ಒಂದೇ ಪ್ರಶ್ನೆ: ನಮಗೆ ಯಾವಾಗ? ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಬಡವರ ಓಣಿಗೆ ಪೈಪು ಹಾಕೋಕೆ ಅಂತ ಸರ್ಕಾರ ದುಡ್ಡು ತೆಗೆದಿಟ್ಟರೆ, ಯಾವ ಓಣಿ ಬಡವರದು ಅಂತ ಗೊತ್ತು ಮಾಡೋದು ಹೇಗೆ?

ಈಗ ನೋಡೋದು ಹೆಚ್ಚಾಗಿ ಉತಾರದಂಥ ಜಾಗದ ಕಾಗದ, ಅಂದರೆ ಜಾಗ ಯಾರ ಹೆಸರಲ್ಲಿದೆ ಅನ್ನೋ ದಾಖಲೆ. ಕರ್ನಾಟಕದ 1973ರ ಕೊಳಚೆ ಪ್ರದೇಶ ಕಾಯ್ದೆಯಡಿ ಒಂದು ಜಾಗವನ್ನು ಸ್ಲಂ ಅಂತ ಘೋಷಿಸಿದರೆ ಅದಕ್ಕೊಂದು ಮಂಡಳಿ ಇದೆ, ಅನುದಾನ ಇದೆ. ಘೋಷಣೆ ಆಗದಿದ್ದರೆ ಅದೇ ತಗಡಿನ ಮನೆ, ಅದೇ ತೆರೆದ ಗಟಾರ, ಆದರೆ ಲೆಕ್ಕಕ್ಕಿಲ್ಲ. 2011ರ ಜನಗಣತಿಯಲ್ಲಿ ಘೋಷಣೆ ಆಗದ ಜಾಗವನ್ನು ಸ್ಲಂ ಅಂತ ಬರೆದುಕೊಳ್ಳಲು 300 ಜನ, ಇಲ್ಲವೇ 60-70 ಮನೆ ಒತ್ತೊತ್ತಾಗಿ ಇರಬೇಕಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರಿಗೆ 20 ಮನೆ ಇದ್ದರೂ ನಡೆಯುತ್ತದೆ. ಹಾಗಾದರೆ 40 ಮನೆಗಳ ಒಂದು ಸಾಲು ಒಂದು ಫೈಲಿನಲ್ಲಿ ಸ್ಲಂ, ಪಕ್ಕದ ಫೈಲಿನಲ್ಲಿ ಅಲ್ಲ!

ಇದಕ್ಕಿಂತ ಪೇಚು ಗುಂಟಾ ಪ್ಲಾಟಿನವರದು. ಊರ ಹೊರಗೆ ಹೊಲದಲ್ಲಿ ಕಲ್ಲು ನೆಟ್ಟು ಹಾಕಿದ ಪ್ಲಾಟು, ಬಾಂಡ್ ಮೇಲೆ ಖರೀದಿ. ಎನ್‌.ಎ., ಅಂದರೆ ಕೃಷಿಯೇತರ ಪರಿವರ್ತನೆ, ಆಗಿಲ್ಲ. ಉತಾರದಲ್ಲಿ ಇನ್ನೂ ಹೊಲದವರ ಹೆಸರೇ. ಇವರು ಸ್ಲಂನವರೂ ಅಲ್ಲ, ಲೇಔಟಿನವರೂ ಅಲ್ಲ. ಅಂಥ ಕಡೆ ಖಾನಾವಳಿಗೆ ರೊಟ್ಟಿ ಮಾಡಿಕೊಡುವ ಅಕ್ಕ ಒಬ್ಬರು ನನಗೆ ಪರಿಚಯ. ಬಾಗಿಲ ಮುಂದೆ ಎರಡು ನೀಲಿ ಬ್ಯಾರೆಲ್, ಬಾಯಿಗೆ ಹಳೇ ಸೀರೆ ತುಂಡು ಬಿಗಿದಿದ್ದಾರೆ. ಟ್ಯಾಂಕರ್ ಬರುವ ದಿನ ಗೊತ್ತು, ಹೊತ್ತು ಗೊತ್ತಿಲ್ಲ. ಹಂಚು ಕಾದಾಗ ಬಂದರೆ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಪೈಪು ಹಿಡಿಯೋಕೆ ಓಡಬೇಕು. "ನೀರ ಬಂದ ದಿನ ರೊಟ್ಟಿ ಅರ್ಧಾನ ಆಗ್ತಾವ್ರೀ" ಅಂದರು. ನೀರಿಗೆ ಕೊಟ್ಟ ದುಡ್ಡು ಬೇರೆ, ಈ ಅರ್ಧ ದಿನದ ಗಳಿಕೆ ಬೇರೆ. ಯಾವ ಆದಾಯ ಪ್ರಮಾಣಪತ್ರದಲ್ಲಿ ಇದು ಕಾಣುತ್ತೆ ಹೇಳಿ?

ಬಿಪಿಎಲ್ ಕಾರ್ಡ್ ನೋಡಿದರಾಯ್ತು ಅಂತೀರಾ? ಅದರ ಮಿತಿ ವರ್ಷಕ್ಕೆ 1.20 ಲಕ್ಷ. ಗೌಂಡಿ ಕೆಲಸದವನಿಗೆ ದಿನಕ್ಕೆ 600ರಂತೆ ತಿಂಗಳಿಗೆ 20 ದಿನ ಕೆಲಸ ಸಿಕ್ಕರೂ 1.44 ಲಕ್ಷ ಆಗುತ್ತೆ. ನಿಯಮ ಬಿಗಿ ಹಿಡಿದರೆ ಅವನು ಬಡವನೇ ಅಲ್ಲ. ಮೇಲಾಗಿ ಕಾರ್ಡು ಮನೆಗೆ, ಪೈಪು ಓಣಿಗೆ.

ಸರಿ, ಮನೆ ಬಿಟ್ಟು ಇಡೀ ಊರನ್ನೇ ಅಳೆಯೋಣ ಅಂದರೆ? ಹಳ್ಳಿ ಮನೆಗಳಿಗೆ ನಳ ಕೊಡುವ ಜಲಜೀವನ ಮಿಷನ್‌ನಲ್ಲಿ ಊರೊಳಗಿನ ಕಾಮಗಾರಿ ವೆಚ್ಚದ ಶೇ 10ರಷ್ಟನ್ನು ದುಡ್ಡು ಇಲ್ಲವೇ ದುಡಿಮೆ ರೂಪದಲ್ಲಿ ಊರವರು ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಜಾಸ್ತಿ ಇದ್ದರೆ ಶೇ 5 ಸಾಕು. ಒಳ್ಳೆಯದೇ. ಆದರೆ ಕೇರಿಯವರು ಊರಿನ ಕಾಲು ಭಾಗ ಮಾತ್ರ ಇದ್ದರೆ? ಇಡೀ ಊರು ಶೇ 10ರ ಸಾಲಿಗೆ, ಕೇರಿಯೂ ಅದರ ಜೊತೆಗೇ.

ಕ್ಯಾಲಿಫೋರ್ನಿಯಾದವರು ಇದಕ್ಕೊಂದು ಲೆಕ್ಕ ಹಾಕಿಕೊಂಡಿದ್ದಾರೆ. ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ನೋಡುತ್ತಾರೆ. ಒಂದು ಊರಿನ ಆ ನಡುವಿನ ಆದಾಯ ಇಡೀ ರಾಜ್ಯದ ನಡುವಿನ ಆದಾಯದ ಶೇ 80ಕ್ಕಿಂತ ಕಡಿಮೆ ಇದ್ದರೆ ಹಿಂದುಳಿದದ್ದು, ಶೇ 60ಕ್ಕಿಂತ ಕಡಿಮೆ ಇದ್ದರೆ ತೀರಾ ಹಿಂದುಳಿದದ್ದು. ನೀರಿನ ಅನುದಾನಕ್ಕೂ ಇದೇ ಅಳತೆ. ಚೊಕ್ಕ ಲೆಕ್ಕ. ಆದರೆ ಅಲ್ಲಿ ಪ್ರತಿ ವರ್ಷ ಮನೆ ಆದಾಯದ ಸಮೀಕ್ಷೆ ನಡೆಯುತ್ತೆ. ನಮ್ಮ ಜನಗಣತಿಯವರು ಆದಾಯ ಕೇಳುವುದೇ ಇಲ್ಲ. ಹಾಗಾಗಿ ಆ ಲೆಕ್ಕ ಇಲ್ಲಿಗೆ ಎತ್ತಿಕೊಂಡು ಬಂದರೆ ಸುಮ್ನೆ ಅಂದಾಜಿನ ಅಂಕಿ ಬರೆಯಬೇಕಾಗುತ್ತೆ, ಅಷ್ಟೇ.

ನಾನು ಹೇಳೋದು, ಮೊದಲು ನೀರನ್ನೇ ಅಳೆಯಿರಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಹಳ್ಳಿಯಲ್ಲಿ 55 ಅಂತ ಗುರಿ ಸರ್ಕಾರವೇ ಇಟ್ಟುಕೊಂಡಿದೆ. ಆ ಓಣಿಗೆ ಎಷ್ಟು ಬರುತ್ತೆ? ಎಷ್ಟು ದಿನಕ್ಕೊಮ್ಮೆ? ಗಳಿಕೆಯಲ್ಲಿ ಎಷ್ಟು ಪಾಲು ನೀರಿಗೆ ಹೋಗುತ್ತೆ? ಇದಕ್ಕೆ ದೊಡ್ಡ ಸಮೀಕ್ಷೆ ಬೇಕಿಲ್ಲ. ಓಣಿಗಳಿಗೆ ನೀರು ಬಿಡುವ ವಾಲ್‌ಮನ್‌ನನ್ನು ಕೂರಿಸಿಕೊಂಡು ಒಂದು ಚಹಾ ಕುಡಿಸಿ. ಯಾವ ಓಣಿಯ ತುದಿಗೆ ನೀರು ಮುಟ್ಟಲ್ಲ, ಯಾವ ಮನೆಯವರು ನಳಕ್ಕೆ ಮೋಟಾರ್ ಹಚ್ಚಿ ಜಗ್ಗುತ್ತಾರೆ, ಎಲ್ಲಾ ಅವನ ಬಾಯಲ್ಲೇ ಇದೆ. ಪಟ್ಟಿ ಮಾಡುವ ಸಭೆಗೆ ಅವನನ್ನು ಯಾರೂ ಕರೆಯಲ್ಲ, ಅದು ಬೇರೆ ಮಾತು.

ಹಾಗಾದರೆ ನೀರಿಲ್ಲದ ಬಂಗ್ಲೆ ಲೇಔಟಿನವರೂ ಸಾಲಿಗೆ ಬಂದು ನಿಲ್ತಾರಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಬರಲಿ. ಅವರಿಗೂ ಪೈಪು ಹಾಕಿ, ಖರ್ಚು ಅವರಿಂದಲೇ ವಸೂಲಿ ಮಾಡಿ. ಪಟ್ಟಿಯಲ್ಲಿ ಮೊದಲ ಕಾಲಂ ನೀರಿನದು, ಎರಡನೆಯದು ಮನೆಯ ಸ್ಥಿತಿಯದು. ಉತಾರದ ಕಾಲಂ ಕೊನೆಗಿರಲಿ. ನಳ ಕೊಟ್ಟ ಮಾತ್ರಕ್ಕೆ ಜಾಗ ಸಕ್ರಮ ಆಗಲ್ಲ ಅಂತ ಒಂದು ಸಾಲು ಬರೆಸಿ ಸಹಿ ತಗೊಳ್ಳಿ. ಆ ಸಹಿ ಹಾಕೋಕೆ ಗುಂಟಾ ಪ್ಲಾಟಿನವರು ಯಾರೂ ಇಲ್ಲ ಅನ್ನಲ್ಲ.