ಭಾವಿ ಚಾಂಪಿಯನ್ನರಿಗೆ ಹಾರ್ದಿಕ ಶುಭಾಶಯಗಳು

ವೃತ್ತದಲ್ಲಿ ‘ಭಾವಿ ಮುಖ್ಯಮಂತ್ರಿ’ ಎಂದು ಫ್ಲೆಕ್ಸ್ ಕಟ್ಟುವ ನಮ್ಮ ಕಾರ್ಯಕರ್ತರೂ ಪುರುಷರ ಟೆನಿಸ್ ನಡೆಸುವ ದೊಡ್ಡವರೂ ಒಂದೇ ಗರಡಿಯಲ್ಲಿ ಪಳಗಿದಂತಿದೆ. ಬಿಸಿಲಿಗೆ ಮುಖ ಮಾಸಿದರೂ ‘ಭಾವಿ’ ಎಂಬ ಎರಡಕ್ಷರ ಮಾತ್ರ ಅಳಿಸುವುದಿಲ್ಲ. ಬಲ್ಗೇರಿಯಾದ ಗ್ರಿಗರ್ ಡಿಮಿಟ್ರೊವ್ ಎಳವೆಯಲ್ಲೇ ‘ಬೇಬಿ ಫೆಡರರ್’ ಬಿರುದಾಂಕಿತರು. ಅಸಲಿ ಫೆಡರರ್ 20 ಗ್ರ್ಯಾನ್‌ಸ್ಲಾಮ್ (ವರ್ಷಕ್ಕೆ ನಾಲ್ಕೇ ನಡೆಯುವ ದೊಡ್ಡ ಟೂರ್ನಿ) ಗೆದ್ದು 2022ರಲ್ಲಿ ನಿವೃತ್ತರಾದಾಗ ಬೇಬಿಗೆ 31 ವರ್ಷ, ಆಡಿದ ಗ್ರ್ಯಾನ್‌ಸ್ಲಾಮ್ ಫೈನಲ್ ಸೊನ್ನೆ.

1990ರ ದಶಕದಲ್ಲಿ ಹುಟ್ಟಿದ ಗಂಡಸರಲ್ಲಿ 2025ರ ಕೊನೆಯವರೆಗೆ ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದವರು ಇಬ್ಬರೇ: ಡೊಮಿನಿಕ್ ಥೀಮ್ ಮತ್ತು ಡೇನಿಯಲ್ ಮೆಡ್ವೆಡೆವ್. ಥೀಮ್ ಗೆದ್ದ 2020ರ ಅಮೆರಿಕ ಓಪನ್‌ಗೆ ವರ್ಷಗಟ್ಟಲೆ ಪಟ್ಟ ಬಿಡದ ಹಿರಿಯರಲ್ಲಿ ಫೆಡರರ್, ನಡಾಲ್ ಬಂದೇ ಇರಲಿಲ್ಲ. ಬಂದಿದ್ದ ಜೊಕೊವಿಚ್, ಲೈನ್ ಅಂಪೈರ್‌ಗೆ ಚೆಂಡು ತಗಲಿಸಿ ಅನರ್ಹರಾಗಿ ಮನೆಗೆ ನಡೆದರು. ಹೀಗೆ ಹಿರಿಯರೆಲ್ಲ ದಾರಿ ಬಿಟ್ಟುಕೊಟ್ಟ ಮೇಲೂ ಫೈನಲ್‌ನಲ್ಲಿ ಥೀಮ್ ಮತ್ತು ಎದುರಾಳಿ ಜ್ವೆರೆವ್ ಐದನೇ ಸೆಟ್‌ನ ಟೈಬ್ರೇಕರ್‌ವರೆಗೆ ‘ತಾವು ಮೊದಲು, ತಾವು ಮೊದಲು’ ಎಂದು ಉಪಚಾರ ಮಾಡಿಕೊಂಡರು.

ಈಗಿನ ಹುಡುಗರಿಗೆ ಹಸಿವಿಲ್ಲ, ಕೈಯಲ್ಲಿ ಸದಾ ಮೊಬೈಲ್ ಎಂಬುದು ಪಂಡಿತರ ತೀರ್ಪು. 2001ರಿಂದ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಶ್ರೇಯಾಂಕಿತರ (ಆರಂಭದಲ್ಲೇ ಪರಸ್ಪರ ಎದುರಾಗದಂತೆ ಬೇರೆಬೇರೆ ಇರಿಸುವ ಅಗ್ರ ಆಟಗಾರರ) ಸಂಖ್ಯೆಯನ್ನು 16ರಿಂದ 32ಕ್ಕೆ ಏರಿಸಿದ್ದು, ಅದರಿಂದ ಮೂರನೇ ಸುತ್ತಿನವರೆಗೆ ದೊಡ್ಡವರಿಗೆ ಇನ್ನೊಬ್ಬ ಶ್ರೇಯಾಂಕಿತನ ಮುಖವೇ ಕಾಣದಂತಾದದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಹಸಿವು ಇದ್ದದ್ದೇ ಆದರೆ ಮೊದಲೆರಡು ಸುತ್ತಿನ ಊಟ ಯಾರ ಎಲೆಗೆ ಬಿತ್ತು ಎಂದು ಕೇಳಬಾರದು.

ಇನ್ನು ಉತ್ತರಾಧಿಕಾರಿಗಳ ತರಬೇತಿಯ ಸೊಗಸು ನೋಡಿ. 2012ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಜೊಕೊವಿಚ್ ಮತ್ತು ನಡಾಲ್ 5 ಗಂಟೆ 53 ನಿಮಿಷ ಹೊಡೆದಾಡಿದರು. ಬಹುಮಾನ ವಿತರಣೆಯ ಭಾಷಣಗಳ ಹೊತ್ತಿಗೆ ಇಬ್ಬರೂ ನೆಟ್‌ಗೆ ಒರಗಿ, ಮೊಣಕಾಲಿಗೆ ಕೈಯೂರಿ ಬಾಗಿದ್ದನ್ನು ಕಂಡು ಯಾರೋ ಪುಣ್ಯಾತ್ಮರು ಎರಡು ಕುರ್ಚಿ ತಂದಿಟ್ಟರು. (ಭಾಷಣವನ್ನು ಮೊಟಕುಗೊಳಿಸಬಹುದೆಂದು ಯಾರಿಗೂ ಹೊಳೆದಂತಿಲ್ಲ.) ಇಂಥವರನ್ನು ಮಣಿಸಬೇಕಾದ, 21 ಮೀರದ ಹುಡುಗರಿಗಾಗಿ 2017ರಲ್ಲಿ ಮಿಲಾನ್‌ನಲ್ಲಿ ‘ನೆಕ್ಸ್ಟ್ ಜೆನ್ ಫೈನಲ್ಸ್’ ಆರಂಭವಾಯಿತು. ಅಲ್ಲಿ ಸೆಟ್‌ಗೆ ಆರು ಗೇಮ್ ಬೇಕಿಲ್ಲ, ನಾಲ್ಕು ಗೆದ್ದರೆ ಸಾಕು. ಗೇಮ್ 40-40ರ ಸಮಬಲಕ್ಕೆ (ಡ್ಯೂಸ್) ಬಂದರೆ ಎರಡು ಪಾಯಿಂಟ್ ಅಂತರದ ಗೊಡವೆ ಇಲ್ಲ, ಒಂದೇ ಪಾಯಿಂಟ್‌ಗೆ ಇತ್ಯರ್ಥ. ಆಟದ ನಡುವೆ ಹೆಡ್‌ಸೆಟ್ ತೊಟ್ಟು ಕೋಚ್‌ನನ್ನು ವಿಚಾರಿಸಬಹುದು. ಮರುವರ್ಷ ಟವೆಲ್‌ಗೊಂದು ಸ್ಟ್ಯಾಂಡ್ ಇಟ್ಟು ಬೆವರೊರೆಸುವ ಸ್ವಾವಲಂಬನೆಯನ್ನೂ ಕಲಿಸಲಾಯಿತು. ಮ್ಯಾರಥಾನ್‌ಗೆ ಬಸ್‌ಸ್ಟಾಪಿನವರೆಗೆ ಓಡಿಸಿ ತಯಾರು ಮಾಡುವ ಈ ಕ್ರಮ ಫಲ ಕೊಡದಿದ್ದರೆ ತಪ್ಪು ಮೊಬೈಲಿನದಲ್ಲದೆ ಮತ್ತಾರದು?

ಆ ಕೂಟದ 2018ರ ವಿಜೇತ ಸಿಟ್ಸಿಪಾಸ್ 2021ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮೊದಲೆರಡು ಸೆಟ್ ಗೆದ್ದರು. 34ರ ಜೊಕೊವಿಚ್ ಒಳಗೆ ಹೋದರು, ಬಟ್ಟೆ ಬದಲಿಸಿದರು, ಬಂದು ಉಳಿದ ಮೂರು ಸೆಟ್ ಗೆದ್ದರು. ಈ ವಿದ್ಯೆ ಹೆಡ್‌ಸೆಟ್‌ನಲ್ಲಿ ಸಿಗುವುದಿಲ್ಲ.

ನಿಜವಾದ ಉತ್ತರಾಧಿಕಾರಿಗಳು ತಡವಾಗಿ ಬಂದರು. 2024 ಮತ್ತು 2025ರ ಎಂಟೂ ಗ್ರ್ಯಾನ್‌ಸ್ಲಾಮ್‌ಗಳನ್ನು ಇಟಲಿಯ ಸಿನ್ನರ್ ಮತ್ತು ಸ್ಪೇನ್‌ನ ಅಲ್ಕರಾಜ್ ತಲಾ ನಾಲ್ಕರಂತೆ ಹಂಚಿಕೊಂಡರು. ಅವರೂ ಮಿಲಾನ್‌ನಲ್ಲಿ ಗೆದ್ದವರೇ ಎಂದು ವ್ಯವಸ್ಥಾಪಕರು ಎದೆ ತಟ್ಟಿಕೊಳ್ಳಬಹುದು. ಆದರೆ ಅಲ್ಕರಾಜ್ 19ಕ್ಕೇ ಅಮೆರಿಕ ಓಪನ್ ಗೆದ್ದು ವಿಶ್ವದ ಅಗ್ರಸ್ಥಾನಕ್ಕೇರಿದ 2022ರಲ್ಲಿ, ವಯಸ್ಸಿನ ಅರ್ಹತೆ ಇದ್ದರೂ ಆ ಕಡೆ ತಲೆ ಹಾಕಲಿಲ್ಲ.

2024ರಲ್ಲಿ ಕೂಟದ ವಯೋಮಿತಿಯನ್ನು 21ರಿಂದ 20ಕ್ಕೆ ಇಳಿಸಲಾಯಿತು. ಆ ವರ್ಷ ಕೂಟ ನಡೆದ ಸೌದಿಯ ಜೆಡ್ಡಾದಲ್ಲಿ ಗೆದ್ದ ಬ್ರೆಜಿಲ್‌ನ ಫೊನ್ಸೆಕಾಗೆ ಆಗ 18. ಹಿಂದಿನ ಮಹಾರಥಿಗಳ ಮಟ್ಟಕ್ಕೆ ಈ ಹುಡುಗ ಏರಬಲ್ಲನೇ ಎಂದು ಪಂಡಿತರು ಗಲ್ಲಕ್ಕೆ ಕೈಯಿಟ್ಟು ಕೂತರು. ಆ ಮಹಾರಥಿಗಳಾದ ಸಿನ್ನರ್ ಮತ್ತು ಅಲ್ಕರಾಜ್‌ಗೆ ಅಂದು 23 ಮತ್ತು 21.